ಬದನೆ ಬಣ್ಣ

ತಮಿಳರ ಆಡಿ ತಿಂಗಳ ರಿಯಾಯಿತಿ ಮಾರಾಟಕ್ಕೆ ಕೊಯಮತ್ತೂರಿನ ಆ ಜವಳಿ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಂಗಮ್ಮ ಬದನೆ ಬಣ್ಣದ ರವಿಕೆ ಬಟ್ಟೆಯೊಂದನ್ನು ಎತ್ತಿಕೊಂಡು, ತನ್ನ ಮನೆಯ ಹಿತ್ತಲಿಗೆ ಹೋದಷ್ಟೇ ಸಲೀಸಾಗಿ ಬಾಗಿಲು ದಾಟಿ ಬಿಸಿಲಿಗೆ ಬಂದಳು. ಎರಡು ಹೆಜ್ಜೆ ಇಟ್ಟಿರಲಿಲ್ಲ, ಮಾಲೀಕ ಸೋಮಸುಂದರಂ ಮಣಿಕಟ್ಟು ಹಿಡಿದ.

"ಬಣ್ಣ ನೋಡಕ್ಕೆ ಬಂದೆ" ಎಂದಳು. ಸಿರುಮುಗೈ ಊರಿನ ಕನ್ನಡ ಮಾತಿನ ನೇಕಾರರ ಮನೆಯವಳು. ನೂಲನ್ನು ಬಿಸಿಲಿಗೆ ಹಿಡಿಯದೆ ಅದರ ಬಣ್ಣ ಹೇಳಿದವಳೇ ಅಲ್ಲ. ಟ್ಯೂಬ್‌ಲೈಟಿನ ಕೆಳಗೆ ಬದನೆಯೂ ಒಂದೇ, ನೇರಳೆಯೂ ಒಂದೇ. ಆದರೆ ಸಿಕ್ಕಿಬಿದ್ದವರ ಮಾತು ಯಾರ ಕಿವಿಗೆ ಇಳಿಯುತ್ತದೆ? ಪೊಲೀಸರು ಬಟ್ಟೆಯನ್ನು ಪೊಟ್ಟಣ ಕಟ್ಟಿ, ಕಳ್ಳತನದ ಕೇಸು ಬರೆದರು.

ಮೂರನೆಯ ವಾಯಿದೆಯ ದಿನ ಕೋರ್ಟಿನ ಜಗಲಿಯಲ್ಲಿ ಅವಳ ವಕೀಲರು ಕೊನೆಯ ಸಲ ಬುದ್ಧಿ ಹೇಳಿದರು. "ತಪ್ಪಾಯ್ತು ಅಂತ ಒಪ್ಕೊಮ್ಮ. ಐವತ್ತು ರೂಪಾಯಿ ದಂಡ ಹಾಕಿ ಬಿಟ್ಟುಬಿಡ್ತಾರೆ. ಹಟ ಮಾಡಿ ಸೋತರೆ ಜೈಲೂ ಆಗಬಹುದು."

"ಅವರು ಹೇಳಿದಂಗೆ ಕೇಳು" ಎಂದ ಗಂಡ ಚೆನ್ನಕೇಶವನ್. "ಮೂರು ದಿವಸ ಮಗ್ಗ ನಿಂತೋಯ್ತು. ಕೋರ್ಟಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅಂತಾರೆ."

"ಒಪ್ಕೊಂಡರೆ ಕೋರ್ಟೇ ನನ್ನ ಕಳ್ಳಿ ಅಂತ ಬರೆಯುತ್ತೆ. ಆಮೇಲೆ ರೇಷ್ಮೆ, ಜರಿ ನಂಬಿ ನಮ್ಮ ಮನೆಗೆ ಯಾರು ಕೊಡ್ತಾರೆ, ನೀವೇ ಹೇಳಿ. ಆಗ ನಿಂತ ಮಗ್ಗ ನಿಂತದ್ದೇ."

"ಅಷ್ಟು ಧೈರ್ಯ ಇದ್ದರೆ ನೀನೇ ವಾದ ಮಾಡ್ಕೊ" ಎಂದು ವಕೀಲರು ಫೈಲನ್ನು ಕಂಕುಳಿಗೆ ಸೇರಿಸಿ ಹೊರಟೇಹೋದರು. ಅಂಗಮ್ಮ ಸೆರಗು ಸಿಕ್ಕಿಸಿಕೊಂಡು ಒಬ್ಬಳೇ ಒಳಗೆ ನಡೆದಳು.

"ಈಗಲಾದರೂ ಒಪ್ಪಿಕೊಳ್ಳುತ್ತೀಯಾ?" ನ್ಯಾಯಾಧೀಶರು ತಮಿಳಿನಲ್ಲಿ ಕೇಳಿದರು.

"ಇಲ್ಲ ಅಯ್ಯಾ. ಕದ್ದಿಲ್ಲ" ಎಂದು ಅವಳೂ ತಮಿಳಿನಲ್ಲೇ ಹೇಳಿದಳು.

ಸೋಮಸುಂದರಂ ಸಾಕ್ಷಿ ಕಟಕಟೆ ಹತ್ತಿದ. ಈ ಹೆಂಗಸು ಬಟ್ಟೆ ಹಿಡಿದು ಬಾಗಿಲು ದಾಟಿದ್ದನ್ನು ಕಣ್ಣಾರೆ ಕಂಡೆ, ಕದಿಯುವವರಲ್ಲದೆ ಬೇರೆ ಯಾರು ಹಾಗೆ ದಾಟುತ್ತಾರೆ ಎಂದು ಗಿಣಿಪಾಠ ಒಪ್ಪಿಸಿದ. ಸರ್ಕಾರಿ ವಕೀಲರು ಪೊಟ್ಟಣ ಬಿಚ್ಚಿ ಬಟ್ಟೆಯನ್ನು ಅವನ ಕೈಗಿತ್ತರು. "ನೀವು ಹಿಡಿದ ಬದನೆ ಬಣ್ಣದ ಬಟ್ಟೆ ಇದೇ ತಾನೆ? ಚೆನ್ನಾಗಿ ನೋಡಿ ಹೇಳಿ."

ಮಂಕು ಬಲ್ಬಿನ ಕೆಳಗೆ ಅದು ಕಪ್ಪಗೆ ಕಾಣುತ್ತಿತ್ತು. ಸೋಮಸುಂದರಂ ತಿರುಗಿಸಿ ನೋಡಿದ, ಮಡಿಕೆ ಬಿಚ್ಚಿ ನೋಡಿದ. ಮೂವತ್ತು ವರ್ಷ ಬಟ್ಟೆ ಮಾರಿದ ಕೈ ಅದು, ಕೋರ್ಟು ಕಚೇರಿ ಎಂದು ಕೇಳುತ್ತದೆಯೇ? ಕಟಕಟೆ ಇಳಿದು, ಯಾರನ್ನೂ ಕೇಳದೆ, ಬಟ್ಟೆ ಹಿಡಿದುಕೊಂಡು ಸರಸರನೆ ಜಗಲಿಯ ಬಿಸಿಲಿಗೆ ಹೋದ. ಅಲ್ಲಿಂದಲೇ ಕೂಗಿದ, "ಬದನೆಯೇ ಅಯ್ಯಾ. ಇದೇ ಬಟ್ಟೆ."

ಅವನು ಮರಳಿ ಬಂದು ನಿಂತ ಮೇಲೆ ನ್ಯಾಯಾಧೀಶರು ಅಂಗಮ್ಮನತ್ತ ತಿರುಗಿದರು. "ನಿನಗೆ ವಕೀಲರಿಲ್ಲ. ಸಾಕ್ಷಿಯನ್ನು ನೀನೇ ಏನಾದರೂ ಕೇಳುತ್ತೀಯಾ?"

"ಒಂದೇ ಒಂದು, ಅಯ್ಯಾ." ಅಂಗಮ್ಮ ಅವನ ಕೈಯಲ್ಲಿದ್ದ ಬಟ್ಟೆಯತ್ತ ಬೆರಳು ತೋರಿದಳು. "ಈಗ ಬಟ್ಟೆ ಹಿಡಿದುಕೊಂಡು ಬಾಗಿಲು ದಾಟಿದರಲ್ಲ, ಯಾಕೆ?"

"ಬಣ್ಣ ನೋಡಕ್ಕೆ" ಎಂದ ಸೋಮಸುಂದರಂ, ಇದೂ ಒಂದು ಪ್ರಶ್ನೆಯೇ ಎಂಬಂತೆ. ಹೇಳಿದ ಮೇಲೆ ಅವನ ಮುಖ ಕಳೆಗುಂದಿತು. ನ್ಯಾಯಾಧೀಶರು ಆ ಉತ್ತರವನ್ನು ಆಗಲೇ ಬರೆದುಕೊಂಡಾಗಿತ್ತು.