ಬೆನ್ನಿಗೆ ಕಟ್ಟಿದ ಬುಟ್ಟಿ

ತಿಂಡಿಯಾದ ಮೇಲೆ ಅತಿಥಿಗಳ ಬೆನ್ನಿಗೆ ಬುಟ್ಟಿ ಕಟ್ಟಿ ಟೀ ತೋಟಕ್ಕೆ ಇಳಿಸುವುದು ಆ ರೆಸಾರ್ಟಿನ ವಾಡಿಕೆ. ಚಿಗುರು ಕೀಳುವ ಫೋಟೋ ಇಲ್ಲದೆ ಯಾರೂ ಬೆಟ್ಟ ಇಳಿಯುತ್ತಿರಲಿಲ್ಲ.

"ನನಗೆ ಬೇಡ ರೀ, ಚಳಿ," ಎಂದಳು ಹೊಸ ಸೊಸೆ.

"ಒಂದೇ ಒಂದು ಫೋಟೋ," ಎಂದು ಗಂಡ ಮೊಬೈಲ್ ಹಿಡಿದು ನಿಂತ.

"ಹೋಗಮ್ಮ, ಏನಾಗಲ್ಲ," ಎಂದರು ಅತ್ತೆ. ಬುಟ್ಟಿ ತಂದ ತೋಟದ ಹೆಂಗಸಿನ ಕಡೆ ತಿರುಗಿ, "ಅಪ್ಪ ಅಮ್ಮ ಇಲ್ಲದೆ ಹಾಸ್ಟೆಲ್ಲಲ್ಲಿ ಬೆಳೆದ ಹುಡುಗಿ. ಸ್ವಲ್ಪ ಹೇಳಿಕೊಡಿ," ಎಂದರು.

ಹೆಂಗಸಿನ ಕೈ ಒಂದು ಗಳಿಗೆ ನಿಂತಿತು. "ಆಗ್ಲಿ ಅಮ್ಮಾವ್ರೇ," ಎಂದು ಬುಟ್ಟಿಯ ಪಟ್ಟಿಯನ್ನು ಸೊಸೆಯ ತಲೆಗೆ ಏರಿಸಿದಳು.

ಸೊಸೆ ಒಲ್ಲದ ಮನಸ್ಸಿನಿಂದ ಗಿಡಕ್ಕೆ ಕೈ ಹಾಕಿದಳು. ಅಷ್ಟೇ, ಬೆರಳುಗಳು ತಮ್ಮಷ್ಟಕ್ಕೆ ತಾವೇ ಓಡತೊಡಗಿದವು. ನೋಡನೋಡುತ್ತಿದ್ದಂತೆ ಎರಡೂ ಮುಷ್ಟಿಯ ತುಂಬ ಎಳೆ ಚಿಗುರು.

ಗಂಡ ಮೊಬೈಲ್ ಕೆಳಗಿಳಿಸಿದ. "ಏಯ್, ಇದನ್ನೆಲ್ಲ ಎಲ್ಲಿ ಕಲಿತೆ ನೀನು?"

ಸೊಸೆ ಎರಡೂ ಮುಷ್ಟಿ ಬಿಗಿದುಕೊಂಡಳು.

"ಎಲ್ಲಿ ಕಲ್ತವ್ರೆ ಸಾರ್! ಬರೀ ಬಲ್ತ ಎಲೆ ಕಿತ್ತವ್ರೆ," ಎಂದು ಹೆಂಗಸು ಗಟ್ಟಿಯಾಗಿ ನಕ್ಕು, ಅವಳ ಮುಷ್ಟಿ ಬಿಡಿಸಿ ಚಿಗುರನ್ನೆಲ್ಲ ನೆಲಕ್ಕೆ ಚೆಲ್ಲಿದಳು. ಅತ್ತೆಯೂ ನಕ್ಕರು. ಗಂಡ ಮತ್ತೆ ಮೊಬೈಲ್ ಎತ್ತಿ ಹಿಡಿದ.

"ಸರಿ, ಈಗ ತಲೆ ಎತ್ತು!"

ಬುಟ್ಟಿ ಸರಿಮಾಡುವ ನೆಪದಲ್ಲಿ ಹೆಂಗಸು ಸೊಸೆಯ ಕಿವಿಯ ಹತ್ತಿರ ಬಗ್ಗಿದಳು.

"ಎತ್ಬ್ಯಾಡ ಮಗಳೇ. ಮೇಲಿನ ಸಾಲಲ್ಲಿ ನಿಮ್ಮಪ್ಪ ಅವ್ನೆ, ಕಂಡ್ರೆ ಕೂಗ್ಬುಡ್ತಾನೆ."