ಮನೆಗೆ ನಾಲ್ಕೇ ತಲೆ

“ಬಂದ್ರು! ಕೆಳಗೆ ಬಂದ್ರು! ಕಂಕುಳಲ್ಲಿ ಫೈಲು!”

ಕೂಗು ನೆಲಮಹಡಿಯಿಂದ ಮೇಲಿನ ಮಹಡಿಗೆ ಬರಲು ಅರೆ ಉಸಿರಿನ ಹೊತ್ತೂ ಹಿಡಿಯಲಿಲ್ಲ. ವೆಲ್ಡರ್ ತನ್ನ ಅಜ್ಜಿಯನ್ನು ಅನಾಮತ್ತು ಎತ್ತಿ ಬಚ್ಚಲಿಗೆ ಒಯ್ದು, ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂರಿಸಿದ.

“ಉಸಿರು ಬಿಡಬೇಡ ಅಜ್ಜಿ.”

“ಬಿಡ್ದೆ ಇದ್ರೆ ಸತ್ತೋಗ್ತೀನಲ್ಲೋ. ಒಳ್ಳೇದೇ ಆಯ್ತು ಬಿಡು, ನಾಲ್ಕೇ ಜನ ಉಳೀತೀರ,” ಎಂದು ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕಳು.

ವೆಲ್ಡರ್‌ಗೆ ನಗು ಬರಲಿಲ್ಲ. ಗೇಟಿಗೆ ಅಂಟಿಸಿದ್ದ ನೋಟೀಸು ತಲೆಯೊಳಗೆ ಕಾದ ಕಬ್ಬಿಣದಂತೆ ಕೂತಿತ್ತು. ಬಡಾವಣೆಯ ಎಲ್ಲ ಕಟ್ಟಡಗಳಲ್ಲೂ ಇಂದು ತಪಾಸಣೆ. ಮನೆಗೆ ನಾಲ್ಕೇ ಜನ. ಐದನೆಯವರು ಸಿಕ್ಕರೆ ಹದಿನೈದು ದಿನದಲ್ಲಿ ಮನೆ ಖಾಲಿ. ಅವನು, ಹೆಂಡತಿ, ಅಮ್ಮ, ತಂಗಿ. ಅಲ್ಲಿಗೆ ನಾಲ್ಕು. ಅವನನ್ನು ಎತ್ತಿ ಆಡಿಸಿದ ಅಜ್ಜಿ ಐದನೆಯವಳು. ನೋಟೀಸು ಬರೆದವನಿಗೆ ಅಜ್ಜಿಯೇ ಇರಲಿಲ್ಲವೇನೋ, ಆಕಾಶದಿಂದ ಉದುರಿದ್ದನೇನೋ.

‘ಕೈಗೆಟುಕುವ ಬೆಲೆಯ ಮನೆಗಳು’ ಎಂದು ಬೋರ್ಡಿನಲ್ಲಿ ಬರೆದಿದ್ದರು. ಬೆಲೆಯ ಮಾತಿರಲಿ, ನಡುವೆ ನಿಂತು ಕೈ ಚಾಚಿದರೆ ಎರಡೂ ಕಡೆಯ ಗೋಡೆ ಖಂಡಿತ ಎಟುಕುತ್ತಿತ್ತು. ಪಕ್ಕದ ಮನೆಯವರು ಸೀನಿದರೆ ಇವರ ಕ್ಯಾಲೆಂಡರ್ ಅಲ್ಲಾಡುತ್ತಿತ್ತು. ಅವರ ಜಗಳಕ್ಕೆ ಅಜ್ಜಿ ಕೂತಲ್ಲಿಂದಲೇ ತೀರ್ಪು ಕೊಡುತ್ತಿದ್ದಳು. ಇಂಥ ಮನೆಗೂ ಅವನು ಆರು ವರ್ಷ ಅಲೆದಿದ್ದ.

ಯಾರೋ ಬಾಗಿಲು ಬಡಿದರು. ಕೆಳಮಹಡಿಯ ಟೈಲರನ ಅತ್ತೆ.

“ಒಂದ್ನಿಮಿಷ ಇದ್ದು ಹೋಗ್ತೀನಪ್ಪ. ನಮ್ಮನೇಲಿ ನಾನು ಐದನೆಯವಳು.”

ಆಕೆಯ ಬೆನ್ನಿಗೆ ಪ್ಲಂಬರನ ಇಬ್ಬರು ಭಾವಮೈದುನರು. ಒಬ್ಬನ ಅರ್ಧ ಮುಖ ಬೋಳು, ಇನ್ನರ್ಧ ಶೇವಿಂಗ್ ಸೋಪಿನ ನೊರೆ. ಅವರ ಹಿಂದೆ ಡ್ರೈವರನ ಅಪ್ಪ. ಅವರ ಹಿಂದೆ ಹಸುಗೂಸು ಹೊತ್ತ ಬಾಣಂತಿ. ಆಮೇಲೆ ತುತ್ತೂರಿ ಊದುವವನು, ತುತ್ತೂರಿ ಸಮೇತ.

“ಇದ್ಯಾಕೋ ತಂದೆ?”

“ಅಲ್ಲೇ ಬಿಟ್ರೆ ಸಾಕ್ಷಿ ಆಗಲ್ವಾ ಅಣ್ಣ?”

ಕಟ್ಟಡಕ್ಕಿದ್ದದ್ದು ಒಂದೇ ಮೆಟ್ಟಿಲು. ಮೇಲಿನವರು ನೋಡಿಕೊಳ್ಳುತ್ತಾರೆ ಎಂದು ಕೆಳಗಿನವರು ತಮ್ಮ ಹೆಚ್ಚುವರಿ ತಲೆಗಳನ್ನು ಮೇಲಕ್ಕೆ ಅಟ್ಟಿದ್ದರು. ಮೇಲಿನವರು ಅವರನ್ನೂ ಸೇರಿಸಿ ಇನ್ನೂ ಮೇಲಕ್ಕೆ ದಾಟಿಸಿದ್ದರು. ತಾರಸಿಗೆ ಬೀಗ. ಕಟ್ಟಕಡೆಯ ಮನೆ ವೆಲ್ಡರನದು. ಅವನ ಮೇಲಿದ್ದವನು ದೇವರೊಬ್ಬನೇ. ಅವನೂ ಬಾಗಿಲು ತೆರೆಯಲಿಲ್ಲ.

ಅಟ್ಟದ ಮೇಲೆ ಮೂವರು. ಮಂಚದ ಕೆಳಗೆ ಐವರು. ಬಚ್ಚಲಲ್ಲಿ ಅಜ್ಜಿಯ ಸುತ್ತ ಎಂಟು ಜನ, ಒಬ್ಬರ ಕಾಲ ಮೇಲೊಬ್ಬರು.

“ನಿನ್ನ ಮದುವೇಗೂ ಇಷ್ಟು ಜನ ಬಂದಿರ್ಲಿಲ್ವಲ್ಲೋ!” ಅಜ್ಜಿಗೆ ಹಿಗ್ಗೋ ಹಿಗ್ಗು.

ವೆಲ್ಡರ್ ಹಲ್ಲು ಕಡಿಯುತ್ತ ಟೈಲರನ ಅತ್ತೆಯನ್ನು ಕೇಳಿದ, “ಆಫೀಸರ್ ಹೆಂಗವ್ನೆ? ಏನೇನ್ ಕೇಳ್ತಾನೆ?”

“ಒಂದ್ ಮಾತಿಲ್ಲಪ್ಪ, ಅದೇ ಭಯ. ಸೀದಾ ಒಳಗೆ ಬರ್ತಾನಂತೆ. ಮಂಚದ ಕೆಳಗೆ ಬಗ್ಗಿ ನೋಡ್ತಾನಂತೆ. ಬೀರು ತೆಗೆದು ನೋಡ್ತಾನಂತೆ. ಕಿಟಕೀಲಿ ಒಂದ್ಸಲ ಹೊರಗೆ ಇಣುಕಿ, ‘ಮೇಲೆ ಇನ್ನೂ ಮನೆ ಇದ್ಯಾ?’ ಅಂತ ಕೇಳಿ ದಡದಡ ಮೆಟ್ಟಿಲು ಹತ್ತುತಾನಂತೆ.”

“ಬರ್ಕೊಳ್ತಾನಾ?”

“ಪೆನ್ನೇ ಇಲ್ವಂತೆ! ಎಲ್ಲಾ ತಲೇಲೇ ಇಟ್ಕೊಳ್ತಾನೆ ಅನ್ಸತ್ತೆ.”

“ಅಂಥವನೇ ಮನೆಹಾಳ,” ಎಂದ ವೆಲ್ಡರ್.

ಮೆಟ್ಟಿಲ ಮೇಲೆ ಹವಾಯಿ ಚಪ್ಪಲಿ ಪಟಪಟ ಎಂದಿತು. ಹದಿಮೂರನೇ ಮನೆ. ಹದಿನಾಲ್ಕು. ಹದಿನೈದು. ಒಂದೊಂದು ಮನೆಯಲ್ಲೂ ಹೆಚ್ಚು ಹೊತ್ತು ನಿಲ್ಲುತ್ತಿಲ್ಲ.

“ಯಾರೂ ಉಸಿರೆತ್ತಬೇಡಿ!”

ಯಾರೂ ಎತ್ತಲಿಲ್ಲ. ಆದರೆ ಬಚ್ಚಲಿನ ಇಕ್ಕಟ್ಟಿನಲ್ಲಿ ಪ್ಲಂಬರನ ಭಾವಮೈದುನನ ನೊರೆಗೆನ್ನೆ ಡ್ರೈವರನ ಅಪ್ಪನ ಬೋಳುತಲೆಗೆ ಒರಗಿತು. ಮುದುಕ ಮುಟ್ಟಿ ನೋಡಿಕೊಂಡು, “ಅಯ್ಯೋ, ಕೂದಲು ಬಂತು!” ಅಂದ. ಅಜ್ಜಿ ಕಿಸಕ್ಕೆಂದಳು. ಬಾಣಂತಿ ಸೆರಗು ಬಾಯಿಗೆ ತುರುಕಿಕೊಂಡಳು. ಮಂಚ ಕುಲುಕತೊಡಗಿತು. ಅಟ್ಟದವರು ಮುಲುಕಿದರು. ತುತ್ತೂರಿಯವನು ನಗು ತಡೆಯಲು ಕೈಗೆ ಸಿಕ್ಕಿದ್ದನ್ನು ಬಾಯಿಗಿಟ್ಟುಕೊಂಡ. ಸಿಕ್ಕಿದ್ದು ತುತ್ತೂರಿ.

ಭೋಂ!

ಬಚ್ಚಲ ಬಾಗಿಲು ಕಿತ್ತುಬಂದು ಎಂಟೂ ಜನ ನಡುಮನೆಗೆ ಉರುಳಿದರು. ಅದೇ ಗಳಿಗೆಗೆ ಮುಂಬಾಗಿಲು ತೆರೆಯಿತು.

ಬಾಗಿಲಲ್ಲಿ ಒಬ್ಬ ಸಣಕಲು ಮನುಷ್ಯ. ಇಸ್ತ್ರಿ ಮಾಡಿದ ಶರಟು. ಕಂಕುಳಲ್ಲಿ ಫೈಲು. ಕಣ್ಣು ಅಟ್ಟಕ್ಕೆ ಹೋಯಿತು, ಮಂಚದ ಕೆಳಗೆ ಇಳಿಯಿತು, ನೆಲದ ಮೇಲಿನ ರಾಶಿಯ ತುದಿಯಲ್ಲಿ ಬಕೆಟ್ಟಿನ ಮೇಲೆ ಇನ್ನೂ ಗಟ್ಟಿಯಾಗಿ ಕೂತಿದ್ದ ಅಜ್ಜಿಯ ಮೇಲೆ ನಿಂತಿತು.

ವೆಲ್ಡರನ ಸಿಟ್ಟು ನೆತ್ತಿಗೇರಿತು.

“ನೋಡ್ತೀರೇನ್ ಸಾರ್, ನೋಡಿ! ಕಣ್ತುಂಬ ನೋಡಿ! ಇವಳು ನಮ್ಮಜ್ಜಿ. ಮನೆ ಬೇಕಾದ್ರೆ ಕಿತ್ಕೊಳ್ಳಿ, ಮೋರಿ ಪೈಪಲ್ಲಿ ಸಂಸಾರ ಮಾಡ್ತೀನಿ. ಇವಳನ್ನ ಮಾತ್ರ ಆಚೆ ಹಾಕಲ್ಲ. ನಿಮ್ಮನ್ನೂ ಯಾರಾದ್ರೂ ‘ನೀನು ಐದನೆಯವನು, ನಡಿ ಆಚೆ’ ಅಂದಿದ್ರೆ ಗೊತ್ತಾಗಿರೋದು!”

ಸಣಕಲು ಮನುಷ್ಯ ಫೈಲನ್ನು ಎದೆಗವಚಿಕೊಂಡ. ಒಳಗೆ ಬಂದ. ಬಾಗಿಲು ಹಾಕಿ ಚಿಲಕ ಜಡಿದ. ಅದಕ್ಕೆ ಬೆನ್ನು ಕೊಟ್ಟು ನಿಂತ.

“ಸ್ವಲ್ಪ ಸರ್ಕೊಳ್ಳಿ ತಾಯಿ,” ಎಂದ ಅಜ್ಜಿಗೆ, “ಎದುರು ಬಿಲ್ಡಿಂಗಲ್ಲಿ ನನ್ನ ಮಗಳ ಮನೆ, ಅಲ್ಲಿ ನಾನೇ ಐದನೆಯವನು; ಫೈಲ್ ಹಿಡ್ಕೊಂಡ್ರೆ ಯಾರೂ ತಡೆಯಲ್ಲ ಅಂತ ಅಳಿಯ ಓಡಿಸಿದ, ಆಫೀಸರು ಅಲ್ಲಿ ಮುಗಿಸಿ ಈಗ ನಿಮ್ಮ ಮೆಟ್ಟಿಲು ಹತ್ತುತಾ ಇದಾರೆ.”