ಪಂಚಮಿಯೋ ಷಷ್ಠಿಯೋ

ತಪ್ಪು ಗದ್ವಾಲದ ಸಾಯಿನಾಥನದೇ ಎಂದು ಸುಮಂತ ತೀರ್ಮಾನಿಸಿಯಾಗಿತ್ತು. ಸಾಕ್ಷಿ ಸಿಗುವುದೊಂದೇ ಬಾಕಿ.

ಮಕ್ತಲ್‌ನ ಜೂನಿಯರ್ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವ ಸುಮಂತ ಬಿಡುವಿನಲ್ಲಿ ಒಂದು ತಂತ್ರಾಂಶ ಕಟ್ಟಿದ್ದ. ಯಾರಾದರೂ ತೀರಿಕೊಂಡ ದಿನ, ಹೊತ್ತು ಕೊಟ್ಟರೆ ಅದು ಶ್ರಾದ್ಧದ ತಿಥಿ ಹೇಳುತ್ತದೆ. ಅದರ ಕಂಪ್ಯೂಟರ್ ಕೋಡು ಅಂತರ್ಜಾಲದ ಬಯಲಲ್ಲೇ ಇದೆ. ಯಾರು ಬೇಕಾದರೂ ನೋಡಬಹುದು, ತಿದ್ದಿ ಕಳಿಸಬಹುದು. ತಿದ್ದುಪಡಿ ಸೇರಿದಾಗಲೆಲ್ಲ ನಲವತ್ತೊಂದು ಪರೀಕ್ಷೆಗಳು ತಾವಾಗಿಯೇ ಓಡುತ್ತವೆ. ಎಲ್ಲವೂ ತಿಥಿ ಮೊದಲೇ ಗೊತ್ತಿರುವ ಸಾವುಗಳು; ಉತ್ತರ ಹೊಂದಿದರೆ ಹಸಿರು, ಹೊಂದದಿದ್ದರೆ ಕೆಂಪು. ಮಗ್ಗದ ಮನೆಯ ಸಾಯಿನಾಥ ಕಳಿಸಿದ ತಿದ್ದುಪಡಿ ಸೇರಿಸಿದ ಮೇಲೆ ನಲವತ್ತು ಹಸಿರಾದವು. ಒಂದು ಕೆಂಪಾಯಿತು.

ಆ ಒಂದು, ಸುಮಂತನ ತಂದೆಯದು.

ವಿದ್ಯಾಧೀಶಾಚಾರ್ಯರು ಹೋದದ್ದು ಎಂಟು ವರ್ಷದ ಹಿಂದೆ, ವೈಶಾಖ ಶುದ್ಧ ಪಂಚಮಿ, ಮಧ್ಯಾಹ್ನ ಮೂರೂವರೆಗೆ. ಅಂದೇ ಬೆಳಿಗ್ಗೆ ಗದ್ವಾಲದಲ್ಲಿ ಸುಮಂತನ ಮದುವೆ. ಹಾಸಿಗೆ ಹಿಡಿದ ಗಂಡನ ಜೊತೆ ತಾಯಿ ಪದ್ಮಾಬಾಯಿ ಒಬ್ಬರೇ ಮಕ್ತಲ್‌ನ ಮನೆಯಲ್ಲಿ ಉಳಿದಿದ್ದರು. ಮಗನ ಮೇಲೆ ಅಕ್ಷತೆ ಬೀಳಲೆಂದೇ ಜೀವ ಹಿಡಿದುಕೊಂಡಿದ್ದರು, ಪುಣ್ಯಾತ್ಮರು ಎಂದು ನೆಂಟರು ಇಂದಿಗೂ ಹೇಳುತ್ತಾರೆ. ಸುಮಂತ ಹೆಮ್ಮೆಯಿಂದ ಆ ಸಾವನ್ನೇ ಮೊದಲ ಪರೀಕ್ಷೆಯಾಗಿ ಬರೆದಿದ್ದ. ಈಗ ತಂತ್ರಾಂಶ, ಪಂಚಮಿಯಲ್ಲ, ಷಷ್ಠಿ ಎನ್ನುತ್ತಿತ್ತು. ಶ್ರಾದ್ಧಕ್ಕೆ ಇನ್ನು ನಾಲ್ಕೇ ದಿನ.

ಎಲ್ಲರೂ ಓದುವ ಚರ್ಚೆಯ ಪುಟದಲ್ಲೇ ಸುಮಂತ ಬರೆದ: ಶ್ರಾದ್ಧದ ವಿಷಯವನ್ನು ಶಾಸ್ತ್ರ ಬಲ್ಲ ಮನೆಗಳಿಗೆ ಬಿಡುವುದು ಒಳ್ಳೆಯದು. ಬರೆದಾಗ ಒಳಗೊಳಗೇ ಖುಷಿಯೂ ಆಯಿತು.

ಸಾಯಿನಾಥ ಸಿಟ್ಟಾಗಲಿಲ್ಲ. ಹಳೆಯ ಕೋಡು ಸೂರ್ಯೋದಯದ ತಿಥಿಯನ್ನೇ ಇಡೀ ದಿನಕ್ಕೆ ಹಚ್ಚುತ್ತಿತ್ತು, ಪ್ರಾಣ ಹೋದ ನಿಮಿಷದ ತಿಥಿ ಬರುವಂತೆ ತಿದ್ದಿದ್ದೇನೆ, ಶಾಸ್ತ್ರವೂ ಅದನ್ನೇ ಹೇಳುತ್ತದಲ್ಲವೇ ಎಂದು ಕೇಳಿದ. ಅವನ ವಿನಯ ಸುಮಂತನನ್ನು ಇನ್ನಷ್ಟು ಕೆರಳಿಸಿತು.

ಎರಡು ದಿನ ಕೋಡನ್ನು ಸಾಲು ಸಾಲಾಗಿ ಜಾಲಾಡಿದ. ಸೂರ್ಯ ಸರಿ, ಚಂದ್ರ ಸರಿ, ಮಕ್ತಲ್‌ನ ಅಕ್ಷಾಂಶ ರೇಖಾಂಶಗಳೂ ಸರಿ. ಕೊನೆಗೆ ಅಟ್ಟದಿಂದ ಆ ವರ್ಷದ ಪಂಚಾಂಗ ಇಳಿಸಿ, ಧೂಳು ಕೊಡವಿ ನೋಡಿದ. ಅಂದು ಪಂಚಮಿ ಮಧ್ಯಾಹ್ನ ಒಂದು ಗಂಟೆ ಹನ್ನೆರಡು ನಿಮಿಷಕ್ಕೇ ಮುಗಿದಿತ್ತು. ಮೂರೂವರೆಗೆ ಷಷ್ಠಿಯೇ.

ಎಂಟು ವರ್ಷ ಒಮ್ಮೆಯೂ ಆ ಪಂಚಾಂಗ ತೆರೆಯದ ತಾನು, ಸರಿಯಾಗಿ ತಿದ್ದಿದ ಸಾಯಿನಾಥನಿಗೆ ಶಾಸ್ತ್ರದ ಪಾಠ ಹೇಳಿದ್ದ. ಅದೂ ಊರೆಲ್ಲ ಓದುವಂತೆ. ಬರೆದದ್ದನ್ನು ಅಳಿಸಿದ. ಓದಿದವರು ಓದಿಯಾಗಿತ್ತು. ಸಾಯಿನಾಥನಿಗೆ ಫೋನ್ ಮಾಡಿದಾಗ ಗದ್ವಾಲದಲ್ಲಿ ಮಗ್ಗದ ಸದ್ದು ನಿಂತದ್ದು ಕೇಳಿಸಿತು. ತಪ್ಪಾಯಿತು ಎಂಬ ಒಂದು ಮಾತಿಗೆ ನಾಲಿಗೆ ಹೊರಳುವಷ್ಟರಲ್ಲಿ ಸಾಕುಸಾಕಾಯಿತು.

“ಅದೇನು ದೊಡ್ಡದಲ್ಲ ಬಿಡ್ರಿ ಸಾರ್,” ಎಂದ ಸಾಯಿನಾಥ. “ಕೋಡು ಸರಿ ಐತಿ ಅಂದ್ರ ನಾವು ಕೊಟ್ಟ ಮಾಹಿತಿ ತಪ್ಪಿರತೈತಿ. ಮನ್ಯಾಗ ಒಮ್ಮೆ ಕೇಳ್ರಿ.”

ಕೇಳುವುದೇನಿತ್ತು? ಅವಸರದಲ್ಲಿ ಪುರೋಹಿತರು ಗೋಡೆಯ ಕ್ಯಾಲೆಂಡರ್ ನೋಡಿ ಪಂಚಮಿ ಎಂದಿರಬೇಕು. ಎಂಟು ವರ್ಷ ತಪ್ಪು ದಿನ ಇಟ್ಟ ಪಿಂಡ ಅಪ್ಪನಿಗೆ ಮುಟ್ಟಿರಲಿಕ್ಕಿಲ್ಲ. ಸುಮಂತ ಈ ಸಲ ಷಷ್ಠಿಗೇ ಮಾಡುವುದೆಂದು ನಿಶ್ಚಯಿಸಿ, ಬ್ರಾಹ್ಮಣರಿಗೆ ಹೇಳಿಕಳಿಸುವ ಮೊದಲು ತಾಯಿಗೆ ತಿಳಿಸಿದ.

ಶ್ರಾದ್ಧದ ಅಕ್ಕಿ ಹಸನು ಮಾಡುತ್ತಿದ್ದ ಪದ್ಮಾಬಾಯಿ ತಲೆ ಎತ್ತಲಿಲ್ಲ. ತಿಥಿ ಹೇಳಿದ್ದು ಪುರೋಹಿತರಲ್ಲ, ತಾನು ಎಂದರು.

“ಪಂಚಮೀನೇ ಮಾಡು. ಬದಲಿ ಮಾಡಬ್ಯಾಡ.”

ಸುಮಂತ ಕಾಲೇಜಿನ ಮಕ್ಕಳಿಗೆ ಹೇಳುವಂತೆ ಬಿಡಿಸಿ ಹೇಳಿದ. ಪಂಚಾಂಗ ತೋರಿಸಿದ, ಪರದೆಯ ಮೇಲಿನ ಕೆಂಪು ಸಾಲನ್ನೂ ತೋರಿಸಿದ. ಪದ್ಮಾಬಾಯಿ ಅಕ್ಕಿಯಿಂದ ಕಣ್ಣು ತೆಗೆಯಲೇ ಇಲ್ಲ. ಕೊನೆಗೆ ಸುಮಂತ ತಾಳ್ಮೆಗೆಟ್ಟು, ಎಂಟು ವರ್ಷ ಅಪ್ಪನನ್ನು ಉಪವಾಸ ಕೆಡವಿದ್ದೇವೆ ಎಂದುಬಿಟ್ಟ.

ಪದ್ಮಾಬಾಯಿಯ ಕೈ ನಿಂತಿತು. ಮೊರವನ್ನು ಪಕ್ಕಕ್ಕೆ ಸರಿಸಿದರು.

“ಊರಿಗೆ ಸುಳ್ಳು ಹೇಳೀನಿ. ಅವರ ಪಿಂಡಕ್ಕ ಸುಳ್ಳು ಹೇಳಾಕ ಮನಸ್ಸು ಬರಲಿಲ್ಲ,” ಎಂದರು. “ತಾಳಿ ಕಟ್ಟೋಕ್ಕಿಂತ ಮೊದಲ ನೀನು ಫೋನ್ ಮಾಡಿ, ಅಪ್ಪಗ ಕೊಡು ಅಂದಿ. ಮಲಗ್ಯಾರ, ಎಬ್ಬಸೂದಿಲ್ಲ ಅಂದೆ. ಆಗಲೇ ಅವರು ಹೋಗಿ ಒಂದು ತಾಸಾಗಿತ್ತು.”